ಕಂಬದ ಬುಡ

ಸೇತುವೆಗೂ ಮೆಡಿಕಲ್ ಚೆಕಪ್ ಉಂಟು ಎಂದು ನಿಮಗೆ ಗೊತ್ತಿತ್ತೇ? ನನಗೆ ಗೊತ್ತಾದದ್ದು ಕಳೆದ ವಾರ, ಕಾಪುವಿನಿಂದ ಉಡುಪಿಗೆ ಹೊರಟ ನಮ್ಮ ಬಸ್ಸು ಪಂಕ್ಚರ್ ಆದದ್ದರಿಂದ.

ಬಸ್ಸು ನಿಂತದ್ದು ಹೊಳೆಯ ಈಚೆ ದಡದಲ್ಲಿ. ಉಳಿದವರು ಯಾರೋ ಗಲ್ಫಿನಿಂದ ತಂದ ಟ್ರಾನ್ಸಿಸ್ಟರಿಗೆ ಕಿವಿಗೊಟ್ಟರು. ನನ್ನ ಕಣ್ಣು ಸೇತುವೆಯ ಮೇಲಿದ್ದ ಜೀಪಿನತ್ತ ಹೋಯಿತು. ಒಬ್ಬರು ಹೊಸ ಎಂಜಿನಿಯರು, ಒಬ್ಬರು ಹಳೆಯ ಓವರ್‌ಸಿಯರು. ಮಳೆಗಾಲಕ್ಕೆ ಮುಂಚಿನ ತಪಾಸಣೆಯಂತೆ. ಬೇರೆಯವರು ಕೆಲಸ ಮಾಡುವುದನ್ನು ನೋಡುತ್ತ ನಿಲ್ಲುವುದೆಂದರೆ ನನಗೆ ಊಟಕ್ಕಿಂತ ಇಷ್ಟ. ಹತ್ತಿರ ಹೋದೆ.

ಓವರ್‌ಸಿಯರು ಫಾರಂ ಓದುತ್ತಿದ್ದರು. ತಡೆಗೋಡೆಗೆ ಸುಣ್ಣ? ಆಗಿದೆ. ನೀರು ಹೋಗುವ ತೂತು? ಕಸ ತೆಗೆದಿದೆ. ಡಾಂಬರು? ಹೊಂಡವಿಲ್ಲ. ಎಲ್ಲದಕ್ಕೂ ಟಿಕ್. (ಇನ್‌ಸ್ಪೆಕ್ಟರು ಬರುವ ದಿನ ನಮ್ಮ ಶಾಲೆಯ ಬೋರ್ಡಿಗೂ ಹೀಗೇ ಕಪ್ಪು ಬಳಿಯುತ್ತಿದ್ದರು.)

ಆಗ ಕೆಳಗಿನಿಂದ ಒಂದು ದನಿ. "ಮೇಲೆ ಎಂತ ನೋಡ್ತೀರಿ ಸ್ವಾಮಿ? ಇಲ್ಲಿ ಕಂಬದ ಬುಡ ನೋಡಿ."

ಗಿರಿಜಕ್ಕ. ದೋಣಿಯಲ್ಲಿ ಹೋಗಿ, ಹೊಳೆಯಲ್ಲಿ ಸಾರಿಗೆ ಹಾಕುವ ಮರುವಾಯಿ ಚಿಪ್ಪು ಹೆಕ್ಕಿ ಮನೆಮನೆಗೆ ಮಾರುವವರು. ನಮ್ಮ ಮನೆಗೂ ಬರುತ್ತಾರೆ.

"ನೀನು ಮರುವಾಯಿ ಹೆಕ್ಕು ಮಾರಾಯ್ತಿ. ಸೇತುವೆ ನಾವು ನೋಡ್ತೇವೆ." ಓವರ್‌ಸಿಯರು ನಕ್ಕರು.

"ನೀವು ನೋಡಿದ್ದು ಸುಣ್ಣ. ಹೋದ ವರ್ಷ ಇಳಿತದಲ್ಲಿ ಈ ನಡುವಿನ ಕಂಬದ ಹತ್ರ ನನಗೆ ಸೊಂಟದವರೆಗೆ ನೀರು. ಈಗ ಕಾಲಿಗೆ ನೆಲವೇ ಸಿಕ್ಕುದಿಲ್ಲ. ನನ್ನ ಮಗಳು ದಿನಾ ಬಸ್ಸಲ್ಲಿ ಇದರ ಮೇಲೆಯೇ ಮಣಿಪಾಲಕ್ಕೆ ಕೆಲಸಕ್ಕೆ ಹೋಗುದು. ನಾನು ಕೆಳಗೆ ನಿಂತು ಮೇಲೆ ನೋಡ್ತಾ ಇರ್ಬೇಕಾ?"

ಎಂಜಿನಿಯರು ದಡಕ್ಕೆ ಇಳಿದರು. ಬೂಟು ಬಿಚ್ಚಿದರು, ಪ್ಯಾಂಟು ಮಡಚಿದರು, ಗಿರಿಜಕ್ಕನ ದೋಣಿ ಹತ್ತಿದರು. ದೋಣಿ ನೂಕುವ ಬಿದಿರನ್ನು ಕಂಬದ ಬುಡಕ್ಕೆ ಇಳಿಸಿದರು. ಅದು ಇಳಿಯಿತು, ಇನ್ನೂ ಇಳಿಯಿತು, ಅವರ ಕೈ ಮೊಣಕೈವರೆಗೆ ನೀರಿಗೆ ಹೋಯಿತು. ಮೇಲೆ ನಗು ನಿಂತಿತು.

"ಬುಡದ ಮಣ್ಣು ಕೊಚ್ಚಿಹೋಗಿದೆ," ಮೇಲೆ ಬಂದ ಎಂಜಿನಿಯರು ಹೇಳಿದರು. "ಬಸ್ಸು ಈಗ ನಿಧಾನಕ್ಕೆ ಹೋಗಬಹುದು. ಹೊಳೆ ಏರುವ ಮೊದಲು ಕಾರ್ಕಳದಿಂದ ದೊಡ್ಡ ಕಲ್ಲು ತರಿಸಿ ಹಾಕಬೇಕು."

ಓವರ್‌ಸಿಯರು ಫಾರಂ ತಿರುಗಿಸಿ ನೋಡಿದರು. ಸುಣ್ಣಕ್ಕೆ ಕಾಲಂ ಇತ್ತು. ಬುಡಕ್ಕೆ ಇರಲಿಲ್ಲ.

"ಎಲ್ಲಿ ಬರೆಯುದು ಸರ್?"

"ಅಂಚಿನಲ್ಲಿ ಬರೆಯಿರಿ. ದೊಡ್ಡದಾಗಿ."

ಎಷ್ಟು ವರ್ಷದಿಂದ ಆ ಸೇತುವೆ ದಾಟುತ್ತಿದ್ದೇನೆ! ಒಮ್ಮೆಯಾದರೂ ಬಗ್ಗಿ ಕೆಳಗೆ ನೋಡಿದ್ದೇನೆಯೇ?

ಮೊನ್ನೆ ನೋಡಿದೆ, ಬಸ್ಸಿನ ಕಿಟಕಿಯಿಂದ. ಗಿರಿಜಕ್ಕ ಮಗಳನ್ನು ದೋಣಿಯಲ್ಲಿ ಆಚೆ ದಡಕ್ಕೆ ದಾಟಿಸುತ್ತಿದ್ದರು. ಕಲ್ಲು ಬೀಳುವವರೆಗೆ ಹೀಗೇ ಅಂತೆ. ಕಡಲ ಕಡೆ ಆಗಲೇ ಮೋಡ ಕಟ್ಟಿತ್ತು.

ಕಾರ್ಕಳದ ಕಲ್ಲು ಮೊದಲು ಬರುತ್ತದೋ, ಮಳೆಯೋ?