ಹಿನ್ನೀರಿನ ಕೆಸರಲ್ಲಿ ದೊಡ್ಡಮ್ಮ ಬರೆದ ಚಿತ್ರ

ಮೊನ್ನೆ ಭಾನುವಾರ ಹುಣಸೂರಿನಿಂದ ಕೃಷ್ಣರಾಜನಗರಕ್ಕೆ ಸ್ಕೂಟರಿನಲ್ಲಿ ಹೊರಟಿದ್ದೆ. ದಾರಿಯಲ್ಲಿ ಮುಂದೆ ಒಂದು ಟ್ರ್ಯಾಕ್ಟರ್ ಸಿಕ್ಕಿತು. ಟ್ರೇಲರಿನ ತುಂಬ ಕೆರೆಗೋಡು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ತಳದ ಮಣ್ಣನ್ನು ಬಗೆದು ಹೊಲಕ್ಕೆ ಹೊಡೆಸುವುದು ನಮ್ಮ ಕಡೆ ಪ್ರತಿ ವರ್ಷ ಇದ್ದದ್ದೇ. ಕಪ್ಪಗೆ, ಇನ್ನೂ ಪೂರ್ತಿ ಆರದ ಮಣ್ಣು. ಮೀನು, ಕೊಳೆತ ಜೊಂಡು, ಹಳೇ ನೀರು ಎಲ್ಲ ಸೇರಿದ ಅದರ ವಾಸನೆ ಗಾಳಿಯಲ್ಲಿ ನನ್ನ ಮುಖಕ್ಕೇ ಬಡಿಯುತ್ತಿತ್ತು. ಹಾರ್ನ್ ಹೊಡೆದು ಮುಂದೆ ಹೋಗಬಹುದಿತ್ತು. ನಾನು ಸ್ಕೂಟರನ್ನು ಪಕ್ಕಕ್ಕೆ ಹಾಕಿ, ಒಂದು ಹುಣಸೇಮರವನ್ನು ಹಿಡಿದುಕೊಂಡು ನಿಂತೆ.

ಮರದ ಕೆಳಗೆ ಎಳನೀರು ಮಾರುತ್ತಿದ್ದವನು ನನ್ನನ್ನೇ ನೋಡಿ, "ಸಕ್ಕರೆ ಕಾಯ್ಲೆನಾ ಮೇಡಂ?" ಅಂದ.

"ಇಲ್ಲಪ್ಪ."

"ಅಂಗಾರೆ ಕುಡೀರಿ, ಏನೂ ಆಗಕಿಲ್ಲ" ಎಂದು ಕೇಳದೆಯೇ ಒಂದು ಕಾಯಿ ಕೆತ್ತಿಕೊಟ್ಟ.

ನನ್ನ ಕಾಯಿಲೆಗೆ ಹೆಸರಿಲ್ಲ. ಹೋದ ವರ್ಷದ ಬೇಸಿಗೆಯಿಂದ ಇದೆ. ಹಸಿ ಕೆಸರಿನ ವಾಸನೆ ಬಂದರೆ ಸಾಕು, ನಾನು ಕಬಿನಿ ಹಿನ್ನೀರಿನ ದಡದಲ್ಲಿ ನಿಂತುಬಿಡುತ್ತೇನೆ. ಎದುರಿಗೆ ದೊಡ್ಡಮ್ಮ ಇರುತ್ತಾಳೆ, ಆದರೆ ಅರ್ಧ ಮಾತ್ರ. ಉಳಿದರ್ಧ ಮಣ್ಣಿನೊಳಗೆ.

ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ, ಸರೋಜಮ್ಮ. ಹೊಸ ಅಗ್ರಹಾರದ ಪಕ್ಕದ ಹಳ್ಳಿಯಲ್ಲಿ ಭತ್ತದ ಗದ್ದೆಗಳ ನಡುವೆ ಹುಟ್ಟಿ ಬೆಳೆದವಳು. ಮದುವೆಯಾಗಿ ಕೃಷ್ಣರಾಜನಗರಕ್ಕೆ ಬಂದು, ಅಲ್ಲೇ ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತ ನಿವೃತ್ತಳಾದಳು. ಗಟ್ಟಿ ಮೈ, ಅದಕ್ಕಿಂತ ಗಟ್ಟಿ ದನಿ. ಒಂದು ಕಡೆ ಕೂತ ಹೆಂಗಸಲ್ಲ. ಊಟಕ್ಕೆ ಕೂತರೆ ಮೂರು ಸಲ ಏಳುತ್ತಾಳೆ. ಟಿವಿ ನೋಡುತ್ತ ಅವರೆಕಾಯಿ ಸುಲಿಯುತ್ತಾಳೆ. ಬಸ್ಸು ಹತ್ತಿದರೆ ಪಕ್ಕದ ಸೀಟಿನ ಮಗುವಿನ ಮೂಗು ಒರೆಸಿಯೇ ಇಳಿಯುತ್ತಾಳೆ.

ಇಂಥವಳಿಗೆ ನಿವೃತ್ತಿಯ ದಿನ ನಾನೊಂದು ದಪ್ಪ ಹಾಳೆಯ ಬುಕ್ಕನ್ನೂ ಜಲವರ್ಣದ ಟ್ಯೂಬುಗಳನ್ನೂ ಕೊಟ್ಟೆ. ಅಂಗನವಾಡಿಯ ಗೋಡೆಯ ಮೇಲೆ ಗಿಳಿ, ಮಾವಿನಹಣ್ಣು ಬರೆದ ಕೈ, ಬರೆದುಕೊಂಡಿರಲಿ ಅಂತ. ಜೊತೆಗೆ ಬಂದಿದ್ದ ಪ್ಲಾಸ್ಟಿಕ್ ತಟ್ಟೆ ಅವಳಿಗೆ ಹಿಡಿಸಲಿಲ್ಲ. ಅಡುಗೆಮನೆಯ ಹಳೇ ಒಗ್ಗರಣೆ ಡಬ್ಬಿಯನ್ನು ತೊಳೆದು, ಸಾಸಿವೆ ಬಟ್ಟಲಿಗೆ ಹಳದಿ, ಜೀರಿಗೆ ಬಟ್ಟಲಿಗೆ ನೀಲಿ, ಹೀಗೆ ಒಂದೊಂದಕ್ಕೆ ಒಂದೊಂದು ಬಣ್ಣ ಹಿಂಡಿಕೊಂಡಳು. ಅಮ್ಮ ಹೋದಾಗಲೆಲ್ಲ, "ಅಕ್ಕಾ, ಇವತ್ತು ಸಾರಿಗೆ ಯಾವ ಬಣ್ಣ ಹಾಕಿದ್ದೀಯ?" ಎಂದು ಕಾಲೆಳೆಯುತ್ತಿದ್ದಳು.

ಚಿತ್ರಗಳ ಬಗ್ಗೆ ಸುಳ್ಳು ಹೇಳುವುದಿಲ್ಲ, ಅಷ್ಟಕ್ಕಷ್ಟೇ ಇದ್ದವು. ಆದರೆ ಬ್ರಷ್ಷು ಕೈಗೆ ಬಂದ ಗಳಿಗೆ ದೊಡ್ಡಮ್ಮ ಬೇರೆ ಹೆಂಗಸಾಗುತ್ತಿದ್ದಳು. ಮಾತು ನಿಲ್ಲುತ್ತಿತ್ತು, ಕಾಲು ಕುಣಿಯುವುದು ನಿಲ್ಲುತ್ತಿತ್ತು. ಮೂಗಿನ ಮೇಲೆ ನೊಣ ಕೂತು ಎದ್ದು ಹೋದರೂ ಗೊತ್ತಾಗುತ್ತಿರಲಿಲ್ಲ.

ಒಂದು ದಿನ ಹೇಳಿದಳು: "ಎಲ್ರೂ ಊರ್ ಸುತ್ತಿ ಫೋಟೊ ಹೊಡ್ಕಂಡ್ ಬತ್ತಾರೆ. ನಾನು ಬರ್ಕಂಡ್ ಬತ್ತೀನಿ. ನಂಗೂ ರಜ, ನಿಂಗೂ ರಜ. ನಡಿ."

ನಾನು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುವವಳು. ಪ್ರವಾಸ ಎಂದರೆ ಮೊದಲು ಹೋಟೆಲಿನ ಬಾಡಿಗೆ ವಿಚಾರಿಸುವ ಜಾತಿ. ದೊಡ್ಡಮ್ಮನಿಗೆ ಅದೆಲ್ಲ ಬೇಕಿರಲಿಲ್ಲ. ಮೈಸೂರಿನ ಅಂಗನವಾಡಿ ತರಬೇತಿಗಳಲ್ಲಿ ಜೊತೆಯಾಗಿದ್ದ ಗೆಳತಿ ಕೆಂಪಮ್ಮ, ಎನ್. ಬೇಗೂರಿನ ಕಡೆ ಒಂದು ಹಳ್ಳಿಯಲ್ಲಿದ್ದಳು. ಮನೆ ಹಿಂದೆಯೇ ಹಿನ್ನೀರು, ಆಚೆ ದಡದಲ್ಲಿ ಕಾಡು. "ದುಡ್ ಕೊಟ್ಟು ರೆಸಾರ್ಟಿಗೆ ಹೋಗೋರು ನೋಡೋದೂ ಅದೇ ನೀರ್ನೇ" ಎಂದು ದೊಡ್ಡಮ್ಮ ತೀರ್ಮಾನ ಮಾಡಿದಳು.

ಹೆಗ್ಗಡದೇವನಕೋಟೆಯಲ್ಲಿ ಬಸ್ಸು ಬದಲಿಸುವಾಗಲೇ ಮೊದಲ ಪುಟ ತುಂಬಿತು: ಬಸ್ ನಿಲ್ದಾಣ, ಒಂದು ಕಲ್ಲಂಗಡಿ ರಾಶಿ, ಅದಕ್ಕಿಂತ ಚಿಕ್ಕದಾದ ಒಂದು ಬಸ್ಸು. ಮುಂದಿನ ದಿನಗಳಲ್ಲಿ ಕೆಂಪಮ್ಮನ ಕೋಳಿಗಳು, ಒಲೆ, ಹಟ್ಟಿಯ ಹಸು. ಹಸುವಿನ ಚಿತ್ರವನ್ನು ಕೆಂಪಮ್ಮ ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಸರೋಜಕ್ಕ, ಇದು ನಮ್ ಹಸ ಆದ್ರೆ, ಬೆಳಿಗ್ಗೆ ನಂಗೆ ಹಾಲ್ ಕೊಟ್ಟಿದ್ಯಾರು?"

"ನೋಡೋಕ್ ಬರ್ದೆ ಇದ್ರೆ ಬರೆದೋಳ್ ಏನ್ ಮಾಡಕ್ಕಾಯ್ತದೆ" ಎಂದು ದೊಡ್ಡಮ್ಮ ಬುಕ್ಕು ಕಿತ್ತುಕೊಂಡಳು. ನಕ್ಕಳು, ಆದರೆ ಕಿವಿ ಕೆಂಪಾಗಿತ್ತು. ಅವಳ ಚಿತ್ರ ನೋಡಿದವರು ಯಾವಾಗಲೂ ಮೊದಲು ಕೇಳುತ್ತಿದ್ದುದು "ಇದೇನು?" ಎಂದೇ.

ಆ ಹಿನ್ನೀರನ್ನು ಬೇಸಿಗೆಯಲ್ಲಿ ನೀವು ನೋಡಿದ್ದೀರೋ ಇಲ್ಲವೋ. ನೀರು ದೂರಕ್ಕೆ ಸರಿದು ಹೋಗಿರುತ್ತದೆ. ಬಿಟ್ಟುಹೋದ ನೆಲದಲ್ಲಿ ಹಸಿರು ಹುಲ್ಲು ಚಿಗುರಿ ದನ ಮೇಯುತ್ತವೆ. ಇನ್ನೂ ಮುಂದೆ ಬಿರುಕು ಬಿಟ್ಟ ಬೂದುಬಣ್ಣದ ಮಣ್ಣು, ಆಮೇಲೆ ಹೊಳೆಯುವ ಮಣ್ಣು, ಆಮೇಲೆ ನೀರು. ನೀರಿನ ನಡುವೆ ಅಣೆಕಟ್ಟು ಕಟ್ಟಿದಾಗ ಮುಳುಗಿ ಸತ್ತ ಮರಗಳ ಬೊಡ್ಡೆಗಳು ಕರ್ರಗೆ ನಿಂತಿರುತ್ತವೆ. ಆಚೆ ಬೆಟ್ಟದ ಸಾಲು. ದೊಡ್ಡಮ್ಮನಿಗೆ ಆ ಬೊಡ್ಡೆಗಳೂ ಬೆಟ್ಟವೂ ಒಟ್ಟಿಗೆ ಬೇಕಿತ್ತು. ದಡದ ಮೇಲೆ ಒಂದು ಪೊದೆ ಅಡ್ಡ ಇತ್ತು.

"ಬಿರುಕು ಬಿಟ್ಟಿರೋದ್ರಿಂದ ಆಚೆ ಕಾಲಿಡ್ಬ್ಯಾಡಿ, ಹುದುಲು ಐತೆ. ದನಾನೂ ಹೋಗಕಿಲ್ಲ" ಎಂದು ಕೆಂಪಮ್ಮ ಬಂದ ದಿನವೇ ಹೇಳಿದ್ದಳು.

"ಕೆಸರು ನಂಗೇನ್ ಹೊಸ್ದಾ ಕೆಂಪಮ್ಮ? ಮಂಡಿಮಟ ಗದ್ದೇಲ್ ನಿಂತು ನಾಟಿ ಹಾಕ್ಕಂಡೇ ದೊಡ್ಡೋಳಾದೋಳು ನಾನು."

ಈ ತಪ್ಪನ್ನು ಭತ್ತದ ಸೀಮೆಯವರೇ ಮಾಡಲು ಸಾಧ್ಯ. ಗದ್ದೆಯ ಕೆಸರು ಎಷ್ಟೇ ಆಳವಿರಲಿ, ಅದರಡಿ ನೂರಾರು ಸಲ ಉತ್ತು ತುಳಿದು ಗಟ್ಟಿಯಾದ ನೆಲವಿರುತ್ತದೆ. ಕಾಲು ಮಂಡಿಯವರೆಗೆ ಇಳಿದು ಅಲ್ಲಿ ನಿಲ್ಲುತ್ತದೆ. ದೊಡ್ಡಮ್ಮನ ಕಾಲಿಗೆ ಗೊತ್ತಿದ್ದದ್ದು ಆ ನಿಲ್ಲುವ ಕೆಸರು. ಹಿನ್ನೀರಿನದು ವರ್ಷಾನುಗಟ್ಟಲೆ ನೀರಿನಡಿ ಸದ್ದಿಲ್ಲದೆ ಕೂತ ಹೂಳು. ಅದಕ್ಕೆ ತಳವೇ ಇಲ್ಲ.

ಆ ಸಂಜೆ ಇಳಿಬಿಸಿಲು. ನಾನು ದಡದ ಮೇಲೆ ಕೂತು ಫೋನು ನೋಡುತ್ತಿದ್ದೆ, ಕೆಂಪಮ್ಮ ಹಸು ಹೊಡೆದುಕೊಂಡು ಬರುತ್ತಿದ್ದಳು. ದೊಡ್ಡಮ್ಮ ಬುಕ್ಕು ಬಿಗಿದ ಹಲಗೆಯನ್ನು ಲಂಗದ ಲಾಡಿಯಿಂದ ಕೊರಳಿಗೆ ನೇತುಹಾಕಿಕೊಂಡು, ಕೈಯಲ್ಲಿ ಡಬ್ಬಿ ಹಿಡಿದು, ಬಿರುಕಿನ ಮಣ್ಣು ದಾಟಿ ನಡೆದಳು. "ಅಯ್ಯೋ" ಎಂಬ ದನಿ ಕೇಳಿ ತಲೆಯೆತ್ತಿದೆ. ತೊಡೆಯವರೆಗೆ ಇಳಿದಿದ್ದಳು. ಇನ್ನೂ ನಗುತ್ತಿದ್ದಳು. ಒಂದು ಕಾಲು ಕೀಳಲು ಹೋದಳು, ಇನ್ನೊಂದು ಮತ್ತಷ್ಟು ಇಳಿಯಿತು. ನಗು ನಿಂತಿತು.

ನಾನು ಓಡಿದೆ. ಓದಿದವಳು ಮಾಡಿದ ಕೆಲಸ ಇದು: ನೇರ ಅವಳ ಹೆಜ್ಜೆಯ ಮೇಲೆಯೇ ಓಡಿ ಮಂಡಿಯವರೆಗೆ ಹೂತುಕೊಂಡೆ. ಹಿಂದಿನಿಂದ ಯಾರೋ ನನ್ನ ಜಡೆ ಹಿಡಿದು ಎಳೆದರು. ಕೆಂಪಮ್ಮ.

"ಇಬ್ರುನ್ನೂ ಎಳಿಯಕ್ಕೆ ನನ್ ಕೈಲಾಗಕಿಲ್ಲ ಕಣವ್ವ! ಇಲ್ಲೇ ಬಿದ್ದಿರು!" ನನ್ನನ್ನು ಗಟ್ಟಿನೆಲಕ್ಕೆ ಎಸೆದು, ದೊಡ್ಡಮ್ಮನ ಕಡೆ ಕೂಗಿದಳು: "ಸರೋಜಕ್ಕೋ, ಒದ್ದಾಡ್ಬ್ಯಾಡಿ! ಒದ್ದಾಡಿದಷ್ಟೂ ಎಳ್ಕಂತದೆ! ಮಾದನ್ನ ಕರ್ಕಬತ್ತೀನಿ!"

ಮಾದ ಅಲ್ಲೇ ಕಾಡಂಚಿನ ಹಾಡಿಯ ಮೀನುಗಾರ. ಬಿದಿರಿನ ಗುಂಡು ತೆಪ್ಪ ಅವನದು. ಅವನು ಎಲ್ಲೋ ತಿರುವಿನಾಚೆ ಬಲೆ ಹಾಕುತ್ತಿದ್ದ. ಕೆಂಪಮ್ಮ ಕೂಗುತ್ತ ಓಡಿದಳು. ದಡದಲ್ಲಿ ಉಳಿದದ್ದು ನಾನು, ಹಸು, ಕೆಸರಿನಲ್ಲಿ ದೊಡ್ಡಮ್ಮ.

ಹುಟ್ಟಿದಾಗಿನಿಂದ ಸುಮ್ಮನೆ ಕೂರದವಳಿಗೆ ಅಲ್ಲಾಡಬೇಡ ಎಂದರೆ ಹೇಗೆ? ಕೈ ಬೀಸಿದಳು, ಸೊಂಟ ತಿರುಗಿಸಿದಳು. ಕೆಸರು ಸೊಂಟಕ್ಕೆ ಬಂತು. ನಾನು ಕಿರುಚಿದೆ. ಅವಳು ಮೈ ತಿರುಚಿ ಒಮ್ಮೆ ನನ್ನ ಕಡೆ ನೋಡಿದಳು, ಆಮೇಲೆ ಬೆಟ್ಟದ ಕಡೆ ತಿರುಗಿದಳು. ನಾನು ಏನೇನೋ ಹೇಳುತ್ತಿದ್ದೆ, ಈಗ ಬರ್ತಾರೆ, ಏನೂ ಆಗಲ್ಲ, ಹೆದರ್ಬೇಡ ಅಂತ.

"ನೀನ್ ಸುಮ್ನಿರು ಮಗ" ಅಂದಳು, ತಿರುಗದೆಯೇ. "ಬೆಳಕು ಹೋಯ್ತದೆ."

ಒಗ್ಗರಣೆ ಡಬ್ಬಿ ತೆರೆದು ಎದುರಿನ ಕೆಸರಿನ ಮೇಲಿಟ್ಟಳು. ಅದು ಹಗುರ, ತೇಲಿತು. ಬ್ರಷ್ಷನ್ನು ಪಕ್ಕದಲ್ಲೇ ಒಸರಿದ್ದ ನೀರಿಗೆ ಅದ್ದಿದಳು. ಬರೆಯತೊಡಗಿದಳು.

ನಾನು ಇಂದಿಗೂ ಮತ್ತೆ ಮತ್ತೆ ನೋಡುವುದು ಆ ಬೆನ್ನನ್ನು. ಮಾಸಲು ಹಸಿರು ರವಿಕೆ, ಬೆವರಿನ ಗುರುತು. ಬಲಗೈ ಮಾತ್ರ ನಿಧಾನವಾಗಿ ಆಡುತ್ತಿತ್ತು. ಉಳಿದ ಮೈ ಕಂಬದ ಹಾಗೆ. ಕೆಸರು ಸೊಂಟದ ಹತ್ತಿರವೇ ನಿಂತಿತು. ಆ ಹೊತ್ತಿನಲ್ಲಿ ಆಚೆ ದಡಕ್ಕೆ ಆನೆಗಳು ಇಳಿಯುತ್ತವೆ. ಇಳಿದವೋ ಏನೋ, ನಾನು ನೋಡಲಿಲ್ಲ. ಒಂದು ಗಳಿಗೆ ಅವಳ ಕೈಯೂ ನಿಂತಾಗ ನಾನು ಮತ್ತೆ ಕಿರುಚಲು ಬಾಯಿ ತೆರೆದೆ. ಅವಳು ಬ್ರಷ್ಷಿನ ತುದಿಯನ್ನು ತುಟಿಗಿಟ್ಟು ಚೂಪು ಮಾಡುತ್ತಿದ್ದಳು, ಅಷ್ಟೇ.

ತೆಪ್ಪ ಬಂತು. ಮಾದ, ಅವನ ತಮ್ಮ, ಹಗ್ಗ. ನೀರು ಮುಗಿದಲ್ಲಿ ತೆಪ್ಪವನ್ನು ಕೆಸರಿನ ಮೇಲೆ ತಟ್ಟೆಯ ಹಾಗೆ ಜಾರಿಸುತ್ತ ತಂದರು. ಮೊದಲು ಕಂಕುಳಿಗೆ ಹಗ್ಗ ಹಾಕಿ ಜಗ್ಗಿದರು.

"ಕೈ ಕಿತ್ತೋಯ್ತದೆ ಕಣ್ರೋ! ಮೊದ್ಲು ಬುಕ್ಕು ತಗಳಿ!"

"ಬುಕ್ ಮುಳುಗ್ತಾ ಇಲ್ಲ ಅಮ್ಮೋರೆ, ನೀವ್ ಮುಳುಗ್ತಿರೋದು!"

"ತಗಳಪ್ಪ ಅಂದ್ರೆ. ಇನ್ನೂ ಆರಿಲ್ಲ, ಕೈ ತಾಗಿಸ್ಬ್ಯಾಡ!"

ಮಾದ ಬುಕ್ಕನ್ನು ಕೂಸಿನ ಹಾಗೆ ಎರಡು ಅಂಗೈ ಮೇಲೆ ಹಿಡಿದು ತಮ್ಮನಿಗೆ ಕೊಟ್ಟ. ಜಗ್ಗಿದರೆ ಬರುವುದಿಲ್ಲ ಎಂದು ಗೊತ್ತಾದ ಮೇಲೆ, ದಡದಿಂದ ಕೆಂಪಮ್ಮ ಕೂಗಿ ಹೇಳಿದಂತೆ, ಅವಳ ಕಾಲಿನ ಸುತ್ತ ಕೊಡದಿಂದ ನೀರು ಹುಯ್ಯುತ್ತ ಕೆಸರು ಸಡಿಲ ಮಾಡಿದರು. ಹುಯ್ಯುವುದು, ಕೈಯಲ್ಲಿ ಬಗೆಯುವುದು, ಹುಯ್ಯುವುದು. ಕೊನೆಗೆ ಹೂಳು ದೊಡ್ಡದಾಗಿ ಸದ್ದು ಮಾಡಿ ಅವಳನ್ನು ಬಿಟ್ಟಿತು. ದೊಡ್ಡಮ್ಮ ತೆಪ್ಪದೊಳಕ್ಕೆ ಮಗುಚಿಕೊಂಡಳು. ಚಪ್ಪಲಿ ಎರಡೂ ಒಳಗೇ ಉಳಿದವು.

"ಇಷ್ಟ್ ದಪ್ಪ ಮೀನು ಈ ನೀರಲ್ಲೇ ಐತೆ ಅಂತ ಗೊತ್ತಿರ್ಲಿಲ್ಲ" ಎಂದ ಮಾದ, ಉಸಿರು ಬಿಡುತ್ತ.

ನಾನು ತಬ್ಬಿಕೊಂಡು ಅತ್ತೆ. ಅವಳು ತಲೆಯಿಂದ ಕಾಲಿನವರೆಗೆ ಆಗತಾನೇ ಮಾಡಿದ ಮಣ್ಣಿನ ಗೌರಮ್ಮನಂತಿದ್ದಳು. ನನ್ನ ಹೆಗಲ ಮೇಲಿಂದ ಕೇಳಿದಳು: "ಬೆಟ್ಟ ಸರಿಯಾಗ್ ಬಂದೈತಾ ನೋಡು."

ಬಂದಿತ್ತು. ಸೊಂಟದವರೆಗೆ ನೆಲದಲ್ಲಿ ಹೂತವಳ ಕಣ್ಣು ನೀರಿನ ಮಟ್ಟಕ್ಕೆ ಇಳಿದಿತ್ತಲ್ಲ, ಹಾಗಾಗಿ ನೀರು ಒಂದು ಗೆರೆಯಾಗಿತ್ತು, ಬೊಡ್ಡೆಗಳು ಎದ್ದು ಬರುವ ಮನುಷ್ಯರಂತಿದ್ದವು, ಅವುಗಳ ಹಿಂದೆ ಬೆಟ್ಟ ಹಾಳೆಯ ತುಂಬ ಎತ್ತರವಾಗಿ ನಿಂತಿತ್ತು. ಗೆರೆ ಎಲ್ಲೂ ನಡುಗಿರಲಿಲ್ಲ.

ಅವಳಿಗೆ ಸ್ನಾನವಾಗಿ ಬೆಲ್ಲದ ಟೀ ಬರುವುದರೊಳಗೆ ಅರ್ಧ ಊರು ಕೆಂಪಮ್ಮನ ಜಗಲಿಯಲ್ಲಿತ್ತು. ಬುಕ್ಕು ಕೈಯಿಂದ ಕೈಗೆ ಹೋಯಿತು. ಇದೇನು ಎಂದು ಒಬ್ಬರೂ ಕೇಳಲಿಲ್ಲ. ಕೆಂಪಮ್ಮ ಬಹಳ ಹೊತ್ತು ಹಿಡಿದು ನೋಡಿ, "ನಮ್ ಬೆಟ್ಟ" ಅಂದಳು, ಅಷ್ಟೇ. ಮಾದ ಮಾತ್ರ ತಕರಾರು ತೆಗೆದ.

"ಇದ್ರಲ್ ನಾನೆಲ್ಲಿ ಅಮ್ಮೋರೆ?"

"ನೀನ್ ಬರೋ ಒತ್ಗೆ ಚಿತ್ರ ಮುಗ್ದಿತ್ತಲ್ಲಪ್ಪ." ದೊಡ್ಡಮ್ಮ ಡಬ್ಬಿ ತರಿಸಿ, ನೀರಿನ ಗೆರೆಯ ಮೇಲೆ ಒಂದು ಕಪ್ಪು ಚುಕ್ಕೆ ಇಟ್ಟಳು.

"ಇಷ್ಟೇನಾ ನಾನು!"

"ದೂರದಿಂದ ಬರೋವಾಗ ದೇವ್ರೂ ಅಷ್ಟೇ ಕಾಣೋದು. ಸುಮ್ನಿರು."

ಜಗಲಿ ತುಂಬ ನಗು. ಆ ನಗುವಿನ ನಡುವೆ ಬೇರೆಯವರ ಸೀರೆಯುಟ್ಟು, ಬರಿಗಾಲಲ್ಲಿ ಕೂತು, ಟೀ ಲೋಟ ಎತ್ತಿಹಿಡಿದಿದ್ದ ದೊಡ್ಡಮ್ಮನಂಥ ರಾಣಿಯನ್ನು ನಾನು ಮತ್ತೆ ನೋಡಿಲ್ಲ.

ಆದರೆ ಮನಸ್ಸು ವಿಚಿತ್ರ. ಗೆದ್ದವಳು ಆ ದಿನವನ್ನು ಅಲ್ಲೇ ಬಿಟ್ಟು ಬಂದಳು. ದಡದಲ್ಲಿ ನಿಂತಿದ್ದ ನಾನು ಹೊತ್ತುಕೊಂಡು ಬಂದೆ. ಮಾದ ಅವತ್ತು ಮೀನು ಮಾರಲು ಹೆಗ್ಗಡದೇವನಕೋಟೆಗೆ ಹೋಗಿದ್ದರೆ? ಕೆಂಪಮ್ಮ ಬೇರೆ ದಾರಿಯಲ್ಲಿ ಹಸು ಹೊಡೆದುಕೊಂಡು ಬಂದಿದ್ದರೆ? ಕ್ಲಾಸಿನಲ್ಲಿ ಜಮಾ-ಖರ್ಚು ಬರೆಯುತ್ತ ಅರ್ಧಕ್ಕೆ ನಿಲ್ಲುತ್ತೇನೆ, ಹುಡುಗಿಯರು ಮುಖ ಮುಖ ನೋಡಿಕೊಳ್ಳುತ್ತಾರೆ.

ಮೊನ್ನೆ ಎಳನೀರು ಕುಡಿದು, ಟ್ರ್ಯಾಕ್ಟರು ಕಣ್ಮರೆಯಾದ ಮೇಲೆ ದೊಡ್ಡಮ್ಮನ ಮನೆ ಸೇರಿದೆ. ವರ್ಷವಿಡೀ ಬಾಯಿಗೆ ಬಾರದ್ದನ್ನು ಕೇಳಿಬಿಟ್ಟೆ.

"ಅವತ್ತು ಸತ್ತೋಯ್ತೀನಿ ಅನ್ನಿಸ್ಲಿಲ್ವಾ ದೊಡ್ಡಮ್ಮ?"

"ಅನ್ನಿಸ್ತು. ಒಂದೇ ಸಲ." ಅವಳು ರಾಗಿ ಕೇರುವುದನ್ನು ನಿಲ್ಲಿಸಲಿಲ್ಲ. "ನಿನ್ ಮೊಕ ನೋಡ್ದಾಗ."

ನಾನು ಮೊರದಿಂದ ಸಿಡಿದ ರಾಗಿಯನ್ನು ನೆಲದಿಂದ ಹೆಕ್ಕತೊಡಗಿದೆ.

"ನಾನ್ ಆಗ್ಲೇ ಹೋಗಿದ್ದೀನಿ ಅನ್ನಂಗಿತ್ತು ಆ ಮೊಕ. ಅದ್ನೇ ನೋಡ್ತಾ ಇದ್ದಿದ್ರೆ ಹೋಗೇ ಬಿಡ್ತಿದ್ನೇನೋ. ಅದ್ಕೇ ಅತ್ಲಾಗ್ ತಿರುಗ್ದೆ. ಬೆಟ್ಟ ಹೆದ್ರಿರ್ಲಿಲ್ಲ. ಅದ್ನ ಬರೆದೆ." ಮೊರ ಕೆಳಗಿಟ್ಟು ನನ್ನನ್ನು ದಿಟ್ಟಿಸಿದಳು. "ಏನವ್ವ ಇದು, ವರ್ಷ ಆದ್ರೂ ಅದೇ ಮೊಕ ಇಟ್ಕಂಡಿದ್ದೀಯಲ್ಲ! ಬಾ ಇಲ್ಲಿ, ಬೆಳಕಲ್ ಕೂತ್ಕೋ. ಈಗ ಬರೀತೀನಿ."

ಬಾಗಿಲ ಬಳಿ ಸ್ಟೂಲಿನ ಮೇಲೆ ಕೂರಿಸಿದಳು. ಕೂತ ತಕ್ಷಣ ಕತ್ತು ತುರಿಸಿತು. ಫೋನು ಸದ್ದು ಮಾಡಿತು. ಕಾಲ ಬೆರಳಿಗೆ ಇರುವೆ ಕಚ್ಚಿತು. ಬಗ್ಗಿದೆ, ಎದ್ದೆ, ಮತ್ತೆ ಕೂತೆ. ದೊಡ್ಡಮ್ಮ ಬ್ರಷ್ಷು ಎತ್ತಿ ಹಿಡಿದು ಕಾಯುತ್ತಿದ್ದಳು.

"ಒಂದ್ ಗಳ್ಗೆ ಸುಮ್ನೆ ಕೂತ್ಕಳಕ್ ಆಗಲ್ವಾ? ನಿನ್ನೇನ್ ಕೆಸ್ರಲ್ ನಿಲ್ಸಿದ್ದೀನಾ?"

ಆಮೇಲೆ ಅವಳ ಮಾತು ನಿಂತಿತು. ಬ್ರಷ್ಷು ನೀರಿಗೆ ಬೀಳುವ ಸದ್ದು, ಹೊರಗೆ ಯಾರದೋ ಸೈಕಲ್ಲು, ಅಷ್ಟೇ. ಮುಗಿದ ಮೇಲೆ ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. ಮೂಗು ನನ್ನದಲ್ಲ. ಕಿವಿ ಒಂದು ಮೇಲೆ, ಒಂದು ಕೆಳಗೆ. ಬಾಯಿ ಮಾತ್ರ ಹಲ್ಲೆಲ್ಲ ಕಾಣುವಂತೆ ಅಗಲವಾಗಿ ತೆರೆದಿತ್ತು. ನಾನು ನಗುತ್ತಿದ್ದೆ ಎಂದು ನನಗೆ ಗೊತ್ತಾದದ್ದೇ ಆಗ.