ಷರಾ ಇಲ್ಲದ ಟೇಬಲ್

ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗದ ಹಿಂದಿನ ಕೋಣೆಯಲ್ಲಿ ಕೂರುವ ಆಕೆ ಎಲ್ಲರ ಬಾಯಲ್ಲಿ ಟೇಬಲ್ ಅಕ್ಕ. ಸ್ಕ್ಯಾನ್ ಚಿತ್ರದ ಪ್ರತಿ ಫೈಲಿನ ಹೊಟ್ಟೆಯಲ್ಲೂ ರೋಗಿಯ ಹೆಸರು, ವಯಸ್ಸು, ಯಂತ್ರದ ವಿವರ ಅಡಗಿರುತ್ತವೆ. ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಒಂದೇ ಸಾಲಿನ ಕಮಾಂಡ್ ಹೊಡೆದು, ಸಾವಿರಾರು ಫೈಲುಗಳಿಂದ ಅವನ್ನೆಲ್ಲ ಹೆಕ್ಕಿ, ಸಾಲು-ಕಾಲಮುಗಳಲ್ಲಿ ಜೋಡಿಸಿ ಟೇಬಲ್ ಮಾಡುವುದು ಅಕ್ಕನ ಕೆಲಸ.

ಆ ದಿನದ ಟೇಬಲ್ ಹೊರಗಿನ ಕಂಪನಿಯೊಂದಕ್ಕೆ ಹೋಗಬೇಕಿತ್ತು. ಹೆಸರಿನ ಕಾಲಂ ತೆಗೆದಾಗಿತ್ತು. ಅಷ್ಟು ಮಾಡಿದರೆ ರೋಗಿಯ ಮಾನ ಉಳಿಯಿತೆಂದು ಕೈತೊಳೆದುಕೊಳ್ಳುವ ದೊಡ್ಡವರಿಗೇನು ಬರವೇ? ಅಕ್ಕ ಮಾತ್ರ ಕಳಿಸುವ ಮೊದಲು ಪ್ರತಿ ಸಾಲಿನ ಮೇಲೂ ಕಣ್ಣಾಡಿಸುತ್ತಾಳೆ. ಸ್ಕ್ಯಾನ್ ಮಾಡುವವರು ತಮ್ಮತಮ್ಮೊಳಗೆ ಟಿಪ್ಪಣಿ ಬರೆದಿಡುವ ‘ಷರಾ’ ಕಾಲಮಿನಲ್ಲಿ ಅವಳ ಕಣ್ಣು ನಿಂತಿತು: ‘ಮೂಲೆ ಬೇಕರಿಯವರ ಮಗಳು. ಬಸುರಿ ಅಂತ ಮನೆಯಲ್ಲಿ ಗೊತ್ತಿಲ್ಲ, ಫೋನ್ ಮಾಡಬೇಡಿ.’

“ಸಾರ್, ಷರಾ ಕಾಲಂ ಬಿಟ್ಟು ಟೇಬಲ್ ಮತ್ತೆ ಮಾಡ್ತೀನಿ.”

“ಅಲ್ಲಮ್ಮ, ಹೆಸರೇ ಇಲ್ವಲ್ಲ,” ಎಂದರು ಮೇಲಧಿಕಾರಿ. “ಅವರು ಎಲ್ಲಾ ಕಾಲಂ ಕೇಳಿದಾರೆ. ಷರಾ ಯಾರು ಓದ್ತಾರೆ?”

“ನಾನು ಓದಿದ್ನಲ್ಲ ಸಾರ್. ಹೆಸರಿಲ್ದೇನೇ ಯಾರು ಅಂತ ಗೊತ್ತಾಯ್ತು.”

“ಹೌದಾ? ಯಾರು?”

“ನೋಡಿ, ಅದಕ್ಕೇ ತೆಗೀತಿರೋದು.”

ಮೇಲಧಿಕಾರಿ ಗೊಣಗುತ್ತಾ ಹೋದರು. ಅಕ್ಕ ಕಮಾಂಡಿನ ಸಾಲಿನೊಳಗಿಂದ ಆ ಕಾಲಮಿನ ಹೆಸರು ಅಳಿಸಿ, ಇಡೀ ಟೇಬಲನ್ನು ಮೊದಲಿಂದ ಮಾಡಿ ಕಳಿಸಿದಳು.

ಸಂಜೆ ಬೇಕರಿಯಲ್ಲಿ ಆ ಹುಡುಗಿ ಬ್ರೆಡ್ ಕಟ್ಟಿಕೊಡುತ್ತಾ, “ಯಾಕಕ್ಕಾ, ಇವತ್ತು ಲೇಟು?” ಎಂದಳು. ಒಳಗೆ ಅವಳಪ್ಪ ಹಿಟ್ಟು ನಾದುತ್ತಿದ್ದ.

“ಮಾಡಿದ ಕೆಲಸಾನೇ ಇನ್ನೊಂದ್ಸಲ ಮಾಡ್ದೆ ಕಣಮ್ಮ,” ಎಂದು ಅಕ್ಕ ಬ್ರೆಡ್ಡನ್ನು ಚೀಲಕ್ಕೆ ಹಾಕಿಕೊಂಡಳು.