ಕಾಟಾದ ಮುಂದ ನಿಂತ ಪ್ರಾಜಕ್ತಾ

ನಮ್ಮ ಪ್ರಾಜಕ್ತಾ ಕೆಟ್ಟಾಕಿ ಅಲ್ರಿ, ಜಂಬದಾಕಿ. ರಾಯಬಾಗ ಹಾದೀಮ್ಯಾಲಿನ ಸಕ್ಕರಿ ಫ್ಯಾಕ್ಟರಿಯೊಳಗ ಕಂಪ್ಯೂಟರಿನ ಕಾರಭಾರ ಎಲ್ಲಾ ಆಕೀದ. ನಂದು ಕಬ್ಬಿನ ಗಾಡಿ ತೂಗೂ ಕಾಟಾದ ಎದುರ ಚಾದಂಗಡಿ. ದಿನಾ ಬಂದು "ಕಾಕು, ಕಡಕ್ ಚಾ" ಅಂತ ಕುಂದ್ರಾಕಿ. ತನ್ನ ತಮ್ಮ ರೋಹನನ್ನೂ ತಾನ ಹೇಳಿ ಅದ ಆಫೀಸಿಗೆ ಹಚ್ಚಿದ್ಲು.

ಹೋದ ಹಂಗಾಮಿನ್ಯಾಗ ಒಬ್ಬ ಸಾವಕಾರನ ಕಬ್ಬ ಕಡಿಯೂ ಪಾಳಿ ಯಾರೋ ಕಂಪ್ಯೂಟರಿನ್ಯಾಗ ಕದ್ದು ಮುಂದ ತಂದ್ರು. ಪಾಳಿ ಕಾದು ಕಬ್ಬ ಒಣಗಿಸಿಕೊಂಡವರು ಗೇಟಿಗೆ ಬಂದು ಬೈದದ್ದು ಏನ ಕೇಳ್ತೀರಿ! ಫ್ಯಾಕ್ಟರಿ ಸಾಹೇಬ ಪ್ರಾಜಕ್ತಾಗ ಅಂದ, "ಯಾವ ಟೇಬಲ್‌ದಿಂದ ಆತು, ಹುಡುಕು."

ಒಂದೊಂದು ಕಂಪ್ಯೂಟರಿಗೂ ಒಂದೊಂದು ಐಪಿ ಅಡ್ರೆಸ್ ಇರತೈತಂತ. ನಡುವ ಚುಕ್ಕಿ ಇಟ್ಟ ನಾಕ ಸಂಖ್ಯೆ. ಆ ಆಫೀಸಿನ್ಯಾಗ ಕಡೀ ಸಂಖ್ಯೆ ಅಂದ್ರ ಟೇಬಲ್ ನಂಬರ. ಯಾರ ಏನ ಮಾಡಿದ್ರೂ ಕಂಪ್ಯೂಟರ್ ಬರಕೋತ ಹೋಗತೈತಿ, ಅಷ್ಟು ರಾಶಿ ಕಣ್ಣಿಲೆ ನೋಡೂದು ಆಗಂಗಿಲ್ಲ. ಅದಕ್ಕ ರೆಗೆಕ್ಸ್ ಅಂತ ಒಂದ ಸಾಣಿಗಿ. ಅಂಕಿ, ಚುಕ್ಕಿ, ಮತ್ತ ಅಂಕಿ, ಹಿಂಗ ಬೇಕಾದ ಆಕಾರ ಬರದ ಕೊಟ್ರ ಅಂಥಾದ್ದಷ್ಟ ಸೋಸಿ ಕೊಡತೈತಿ. ಪ್ರಾಜಕ್ತಾ ಬರದ್ಲು. ಪಾಳಿ ಬದಲಿಸಿದ ಸಾಲಿನ್ಯಾಗ ಕಡೀ ಸಂಖ್ಯೆ ಒಂದು ಅಂತ ಬಂತು. ಒಂದನೇ ಟೇಬಲ್ ಕುಡಚಿಯ ಇಬ್ರಾಹಿಮಂದು.

ಮತ್ತೊಮ್ಮೆ ನೋಡಬಾರದಾ ಈ ಹುಡುಗಿ? ಇಲ್ಲ. ಕಾಟಾದ ಮುಂದ, ಡ್ರೈವರ್‌ಗಳೆಲ್ಲಾ ಕೇಳೂ ಹಂಗ, "ನೀವ ಮಾಡೀರಿ, ಪುರಾವಾ ಐತಿ" ಅಂದ್ಲು. "ಅಲ್ಲಾನ ಆಣಿ, ನಾ ಅಲ್ರಿ" ಅಂತ ಅಂವ ಅಂದ್ರ ಮಂದಿ "ಕಳ್ಳ, ಕಳ್ಳ" ಅಂತ ನಕ್ರು. ಆಕಿ ಕೈ ಕಟಗೊಂಡು ನಿಂತಿದ್ಲು. ಇಬ್ರಾಹಿಮನ್ನ ಕೆಲಸಾ ಬಿಡಿಸಿ ಮನಿಗೆ ಕಳಿಸಿದ್ರು.

ಮುಂದ ಒಂದಿನ ಅದ ಸಾಣಿಗಿ ಬ್ಯಾರೇ ಕೆಲಸಕ್ಕ ಹಚ್ಚಿದಾಗ ತಪ್ಪ ಕಣ್ಣಿಗೆ ಬಿತ್ತು. ಕಡೀ ಜಾಗಾದಾಗ ಒಂದ ಅಂಕಿ ಸಾಕು ಅಂತ ಬರದಿದ್ಲು. ಹದಿನಾಲ್ಕು ಇದ್ದಲ್ಲಿ ಒಂದನ್ನಷ್ಟ ಹಿಡದು ನಾಕನ್ನ ಬಿಟ್ಟಿತ್ತು. ಹದಿನಾಲ್ಕನೇ ಟೇಬಲ್ ರೋಹನಂದು! ಗದರಿಸಿ ಕೇಳಿದ್ರ, ಸಾವಕಾರ ಹೊಸಾ ಮೊಬೈಲ್ ಕೊಡಿಸಿದ್ದ ಅಂತ ಬಾಯಿ ಬಿಟ್ಟ, ಭಾಡ್ಯಾ.

"ಕಾಕು, ಭೂಮಿ ಬಾಯಿ ತಗದ್ರ ಇಳದ ಹೋಗ್ತೀನಿ. ಯಾರಿಗೂ ಮಾರಿ ತೋರಸಾಕ ಆಗವಲ್ದು" ಅಂತ ನನ್ನ ಅಂಗಡ್ಯಾಗ ಕುಂತು ಅತ್ಲು. ನನ್ನ ಜೋಡಿ ಮಾಡ್ಕೊಂಡು ಕುಡಚಿಗೆ ಹೋದ್ಲು. ಇಬ್ರಾಹಿಮ ಹೊರಗ ಬರಲಿಲ್ಲ. ಅವನ ಹೇಣ್ತಿ ಹಸೀನಾ ಬಾಗಲದಾಗ ನಿಂತು, "ಮಂದಿ ಮುಂದ ಮಾನಾ ಕಳದು, ಮನಿಗೆ ಬಂದು ತಪ್ಪಾತು ಅಂದ್ರ ಹೆಂಗ್ರಿ ಅಕ್ಕೋರ?" ಅಂದ್ಲು. ಖರೇನ ಅಂದ್ಲು. ಹೊಳ್ಳಿ ಬಂದು ಬಸ್ ಇಳದಾಕೀನ ಪ್ರಾಜಕ್ತಾ ಸೀದಾ ಸಾಹೇಬನ ಕಡೆ ಹೋದ್ಲು.

ಆಕಿ ಎಲ್ಲಾ ಹೇಳಿದಮ್ಯಾಲ ಸಾಹೇಬ ಇಬ್ರಾಹಿಮನ್ನ ಕರಸಿದ. "ಒಳಗಿಂದೊಳಗ ಮುಗಸೂಣು" ಅಂದ. ಪ್ರಾಜಕ್ತಾ ಕೇಳಲಿಲ್ಲ. ಇಬ್ರಾಹಿಮನ್ನೂ ರೋಹನನ್ನೂ ಕರಕೊಂಡು ಕಾಟಾದ ಮುಂದ ಬಂದು, "ಇವರು ಅಲ್ರಿ. ನಾನ ಹುಡುಕೂದ್ರಾಗ ತಪ್ಪ ಮಾಡಿದ್ದೆ. ಮಾಡಿದಾಂವ ನನ್ನ ತಮ್ಮ, ರೋಹನ" ಅಂದ್ಲು.

ಮಂದಿ ಬಿಡತಾರೇನ್ರಿ? ರೋಹನನ ಸುತ್ತ ನಿಂತು "ಕಳ್ಳ, ಕಳ್ಳ" ಅಂತ ಶುರು ಹಚ್ಚಿದ್ರು. ಇಬ್ರಾಹಿಮ ನಡುವ ನುಗ್ಗಿ, "ಸುಮ್ನಿರ್ರಲೇ! ಸಾಹೇಬ ಅದಾನ, ನೋಡ್ಕೋತಾನ. ನೀವ ಗಾಡಿ ಹೊಡೀರಿ!" ಅಂತ ಜಬರಿಸಿದ.

ಅದ ಆಕೀಗೆ ತಡಕೊಳ್ಳಾಕ ಆಗಲಿಲ್ಲ ನೋಡ್ರಿ. ಓಢಣಿಲೆ ಮಾರಿ ಮುಚಗೊಂಡು ಅಲ್ಲೇ ಬಿದ್ದ ಕಬ್ಬಿನ ಒಣ ಎಲಿ ರವದ್ಯಾಗ ಕುಂತ ಬಿಟ್ಲು. ಇಬ್ರಾಹಿಮ ಆಕೀ ಕಡೆ ಹೊಳ್ಳಿ ನೋಡಲಿಲ್ಲ. ಒಳಗ ಹೋಗಿ ತನ್ನ ಟೇಬಲ್‌ಗೆ ಕುಂತ.